ಕಾಲರಾ ಲೆಕ್ಕ ಕ್ಲಾಸಿಗೆ ಬರಲಿ

ನಮಸ್ಕಾರ. ಹತ್ತನೇ ಕ್ಲಾಸಿನ ಗಣಿತದಲ್ಲಿ ಸಂಖ್ಯಾಶಾಸ್ತ್ರದ ಪಾಠ ಇದೆ, ಸಂಭವನೀಯತೆಯೂ ಇದೆ. ಸರಾಸರಿ, ಮಧ್ಯಾಂಕ ಎಲ್ಲವನ್ನೂ ಮಕ್ಕಳು ಸೂತ್ರ ಹಾಕಿ ಬಿಡಿಸುತ್ತಾರೆ. ಆದರೆ 'ಈ ಜಿಲ್ಲೆಯಲ್ಲಿ ಡೆಂಗ್ಯೂ ಜಾಸ್ತಿ' ಅನ್ನೋ ಸುದ್ದಿ ಬಂದಾಗ, ಅಲ್ಲಿ ಜನ ಎಷ್ಟಿದ್ದಾರೆ ಎಂದು ಕೇಳಬೇಕು ಅಂತ ಅವರಿಗೆ ಹೊಳೆಯುವುದೇ ಇಲ್ಲ. ಈ ಪಾಠವನ್ನು ರೋಗದ ಲೆಕ್ಕದಿಂದಲೇ ಶುರು ಮಾಡಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

1854ರ ಲಂಡನ್. ಊರಲ್ಲಿ ಕಾಲರಾ. ಡಾಕ್ಟರ್ ಜಾನ್ ಸ್ನೋ ಅವರಿಗೆ ಕುಡಿಯುವ ನೀರಿನ ಮೇಲೆ ಅನುಮಾನ. ಊರಿನ ದಕ್ಷಿಣಕ್ಕೆ ಎರಡು ಕಂಪನಿಗಳು ಥೇಮ್ಸ್ ನದಿಯ ನೀರು ಕೊಡುತ್ತಿದ್ದವು. ಲ್ಯಾಂಬೆತ್ ಕಂಪನಿ 1852ರಲ್ಲೇ ನದಿಯ ಮೇಲ್ಭಾಗಕ್ಕೆ, ಊರಿನ ಕೊಳಚೆ ತಾಕದ ಕಡೆಗೆ ಹೋಗಿತ್ತು. ಸೌತ್‌ವಾರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿ ಮಾತ್ರ ಕೊಳಚೆ ಸೇರುವ ಜಾಗದಲ್ಲೇ ನೀರೆತ್ತುತ್ತಿತ್ತು.

ಬೋರ್ಡ್ ಮೇಲೆ ಮೊದಲ ಏಳು ವಾರಗಳಲ್ಲಿ ಸತ್ತವರ ಸಂಖ್ಯೆಯನ್ನಷ್ಟೇ ಬರೆಯಿರಿ. ಸೌತ್‌ವಾರ್ಕ್ ಕಂಪನಿಯ ಮನೆಗಳಲ್ಲಿ 1,263. ಲ್ಯಾಂಬೆತ್‌ನ ಮನೆಗಳಲ್ಲಿ 98. ಉಳಿದ ಲಂಡನ್ನಿನಲ್ಲಿ 1,422. ಎಲ್ಲಿ ಹಾವಳಿ ಜಾಸ್ತಿ ಅಂತ ಕೇಳಿ. ಉಳಿದ ಲಂಡನ್ನಿನಲ್ಲಿ ಅನ್ನೋ ಉತ್ತರ ಬರುತ್ತದೆ. ಈಗ ಪಕ್ಕದಲ್ಲಿ ಮನೆಗಳ ಸಂಖ್ಯೆ ಬರೆಯಿರಿ: 40,046, 26,107, 2,56,423. ಭಾಗಿಸಲಿ. 10,000 ಮನೆಗೆ ಸುಮಾರು 315, 38, 55. ಇಡೀ ಚಿತ್ರ ತಲೆಕೆಳಗಾಯಿತು, ಅಲ್ವಾ?

ಇಲ್ಲಿ ಅವಸರ ಮಾಡಬಾರದು. ಜನಸಂಖ್ಯೆ ಬಿಟ್ಟು ಮನೆಗಳ ಸಂಖ್ಯೆಯಿಂದ ಯಾಕೆ ಭಾಗಿಸಿದರು? ಒಂದು ಮನೆಯಲ್ಲಿ ಇಪ್ಪತ್ತು ಜನ, ಇನ್ನೊಂದರಲ್ಲಿ ನಾಲ್ಕು ಜನ ಇದ್ದರೆ? ಬಡವರ ಬೀದಿಗಳಿಗೆಲ್ಲ ಒಂದೇ ಕಂಪನಿಯ ನೀರು ಬರುತ್ತಿತ್ತಾ? ಇಲ್ಲ, ಎಷ್ಟೋ ಬೀದಿಗಳಲ್ಲಿ ಎರಡೂ ಕಂಪನಿಯ ಪೈಪುಗಳು ಅಕ್ಕಪಕ್ಕದಲ್ಲೇ ಇದ್ದವು. ತಮ್ಮ ಮನೆಗೆ ಯಾರ ನೀರು ಬರುತ್ತದೆ ಎಂಬುದು ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ. ಸ್ನೋ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದರು. ಉಪ್ಪಿನಂಶ ಜಾಸ್ತಿ ಇದ್ದ ಸೌತ್‌ವಾರ್ಕ್ ನೀರಿನಲ್ಲಿ ದಟ್ಟ ಬಿಳಿ ಪ್ರಕ್ಷೇಪ ಬಂತು. ನಮ್ಮ ಮಕ್ಕಳು ಲ್ಯಾಬಿನಲ್ಲಿ ಮಾಡುವ ಪ್ರಯೋಗವೇ ಇದು. ಅಂಕಿ ಅಂಶ ಆಕಾಶದಿಂದ ಉದುರುವುದಿಲ್ಲ, ಯಾರೋ ಮನೆಮನೆಗೆ ಹೋಗಿ ತಂದದ್ದು ಅಂತ ಮಕ್ಕಳಿಗೆ ಆಗ ಗೊತ್ತಾಗುತ್ತದೆ.

ಸಂಭವನೀಯತೆಯಲ್ಲೂ ಸುಮ್ನೆ ನಾಣ್ಯ, ದಾಳ ಅಂತ ಎಷ್ಟು ದಿನ? ಹೀಗೊಂದು ಲೆಕ್ಕ ಕೊಡಿ. ಹತ್ತು ಸಾವಿರ ಜನ, ಅವರಲ್ಲಿ 100 ಮಂದಿಗೆ ರೋಗ. ಟೆಸ್ಟು ಅವರಲ್ಲಿ 90 ಮಂದಿಯನ್ನು ಹಿಡಿಯುತ್ತದೆ. ಆರೋಗ್ಯವಂತರಲ್ಲಿ ನೂರಕ್ಕೆ ಐವರಿಗೆ ತಪ್ಪಾಗಿ ಪಾಸಿಟಿವ್ ಎನ್ನುತ್ತದೆ, ಅಂದರೆ 495 ಮಂದಿಗೆ. ಒಟ್ಟು 585 ಪಾಸಿಟಿವ್, ನಿಜವಾಗಿ ರೋಗ ಇರುವವರು 90. ನೂರಕ್ಕೆ ಸುಮಾರು 15 ಅಷ್ಟೇ! ಕೋವಿಡ್ ಕಾಲದಲ್ಲಿ ರಿಪೋರ್ಟು ಕೈಯಲ್ಲಿ ಹಿಡಿದು ನಿಂತ ಪ್ರತಿಯೊಬ್ಬರಿಗೂ ಬೇಕಿದ್ದ ಲೆಕ್ಕ ಇದು.

ಪೋರ್ಷನ್ ಮುಗಿಸೋದೇ ಕಷ್ಟ ಅಂತ ಮೇಷ್ಟ್ರುಗಳು ಹೇಳುತ್ತಾರೆ. ಅದು ನಿಜವಾದ ಕಷ್ಟವೇ. ಹಾಗಾಗಿ ನನ್ನ ಬೇಡಿಕೆ ಪ್ರಶ್ನೆಪತ್ರಿಕೆ ತಯಾರಿಸುವವರಿಗೆ. ವರ್ಷಕ್ಕೊಂದು ನಾಲ್ಕು ಅಂಕದ ಪ್ರಶ್ನೆ ಹೀಗೆ ರೋಗದ ಲೆಕ್ಕದ ಮೇಲೆ ಇರಲಿ. ಪರೀಕ್ಷೆಗೆ ಬಂದದ್ದು ಮರುವರ್ಷ ಪ್ರತಿ ಕ್ಲಾಸಿನ ಬೋರ್ಡಿಗೂ ಬರುತ್ತದೆ.