ಕಾನು ಮತ್ತು ಅಬ್ಬಿ ನೀರು

ಕೇಳುಗರೆಲ್ಲರಿಗೂ ನಮಸ್ಕಾರ. ಮಳೆಕಾಡನ್ನು ಕಡಿದು ಒಂದೇ ಜಾತಿಯ ಮರಗಳ ನೆಡುತೋಪು ಮಾಡಿದರೆ ಪರಿಸರಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಸಬೇಕೆಂದು ಆಕಾಶವಾಣಿಯವರು ಕೇಳಿದ್ದಾರೆ. ಮಲೆನಾಡಿನಲ್ಲಿದ್ದೂ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕೊಡ ಹಿಡಿದು ಕಾಯುವ ತಾಯಂದಿರಿಗೆ ನಾನು ಹೇಳಬೇಕಾದದ್ದು ಒಂದೇ ಮಾತು: ನಮ್ಮ ಬೇಸಿಗೆಯ ನೀರು ಇರುವುದು ಕಾನಿನಲ್ಲಿ, ಅಂದರೆ ಮಲೆನಾಡಿನ ನಿತ್ಯಹಸಿರಿನ ಮಳೆಕಾಡಿನಲ್ಲಿ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನೀರನ್ನು ಹೀರಿಟ್ಟುಕೊಂಡು ಉಳಿದ ತಿಂಗಳುಗಳಲ್ಲಿ ಹನಿಹನಿಯಾಗಿ ಬಿಟ್ಟುಕೊಡುವುದು ಕಾನಿನ ಮಣ್ಣು.

ನಾನು ಹುಡುಗನಾಗಿದ್ದಾಗ ಸಾಗರ ತಾಲ್ಲೂಕಿನ ನಮ್ಮ ಮನೆಗೆ ಬಾವಿಯೇ ಬೇಕಿರಲಿಲ್ಲ. ಹಿತ್ತಿಲ ಗುಡ್ಡದ ಕಾನಿನ ಒರತೆಯಿಂದ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯಲ್ಲಿ ಹರಿದು ಬಂದ ಅಬ್ಬಿ ನೀರು ಬಚ್ಚಲ ಹಂಡೆಗೆ ಹಗಲೂ ರಾತ್ರಿ ಬೀಳುತ್ತಿತ್ತು. ಮುಂದೆ ಆ ಕಾನನ್ನು ಕಡಿದು ಅಕೇಶಿಯಾ ನೆಟ್ಟರು. ಗುಡ್ಡ ಬೇಗ ಹಸಿರಾಯಿತು, ಕಂಡವರು ಕಾಡು ಮರಳಿ ಬಂತೆಂದರು. ಕೆಲವೇ ವರ್ಷಗಳಲ್ಲಿ ಅಬ್ಬಿ ಶಿವರಾತ್ರಿಗೇ ನಿಲ್ಲತೊಡಗಿತು. ಕಸ ಕಟ್ಟಿರಬೇಕೆಂದು ಅಪ್ಪಯ್ಯ ದಬ್ಬೆಗಳನ್ನು ಒಂದೊಂದಾಗಿ ಎತ್ತಿ ಕೊಡವಿದರು. ಎಲ್ಲಿಯೂ ಕಸವಿರಲಿಲ್ಲ. ನಾನು ಒರತೆಯ ಬಾಯಿಯವರೆಗೆ ಹತ್ತಿ ನೆಲ ಕೆದಕಿ ನೋಡಿದೆ. ಬೇಗನೆ ಕೊಳೆಯದ ಅಕೇಶಿಯಾ ಎಲೆಯ ದಪ್ಪ ಹಾಸನ್ನು ಸರಿಸಿದರೆ ಅಡಿಯಲ್ಲಿ ಬೆರಳು ಇಳಿಯದಷ್ಟು ಗಟ್ಟಿಯಾದ ಕೆಂಪು ನೆಲ. ಅದೇ ಮಧ್ಯಾಹ್ನ, ಪಕ್ಕದಲ್ಲಿ ಉಳಿದಿದ್ದ ತುಂಡು ಕಾನಿನಲ್ಲಿ ತರಗೆಲೆಯಡಿ ಕೈಯಿಟ್ಟರೆ ಮಣಿಕಟ್ಟಿನವರೆಗೆ ಇಳಿಯಿತು: ಕಪ್ಪು ಮಣ್ಣು, ಹೆಣೆದುಕೊಂಡ ಬೇರು, ಬೂಸ್ಟಿನ ಬಿಳಿ ಎಳೆಗಳು, ಎರೆಹುಳು. ಹಿಡಿ ಮಣ್ಣನ್ನು ಅದುಮಿದಾಗ ಅಂಗೈ ಒದ್ದೆಯಾಯಿತು. ಬೇಸಿಗೆಯ ನೀರು ಕಾನಿನಲ್ಲಿದೆ ಎಂದು ನಾನು ಹೇಳುವುದು ಆ ಒದ್ದೆ ಅಂಗೈಯನ್ನು ನೆನೆದೇ. ನೆಡುತೋಪನ್ನೂ ಕಾಡೆಂದು ಲೆಕ್ಕ ಹಿಡಿಯುವವರ ಮಾತು ಕೇಳಿದರೆ, ಕ್ಷಮಿಸಿ, ನನಗೆ ಇಂದಿಗೂ ತಾಳ್ಮೆ ಉಳಿಯುವುದಿಲ್ಲ.

ಸಮಯ ಮುಗಿಯುತ್ತ ಬಂದಿದೆ. ಮರದಿಂದ ಮರಕ್ಕೆ ಸಾಗುತ್ತ ಕಾಡಿನ ಹಣ್ಣು ತಿಂದು ಬದುಕುವ ಸಿಂಗಳೀಕಕ್ಕೆ ತೋಪಿನಲ್ಲಿ ಊಟವೂ ಇಲ್ಲ, ದಾರಿಯೂ ಇಲ್ಲ. ರಾಮಪತ್ರೆಯ ಜಡ್ಡಿಗಳು, ಅಂದರೆ ರಾಮಪತ್ರೆ ಮರಗಳು ಬೆಳೆಯುವ ಜೌಗು ಕಾಡುಗಳು, ಮೇಲಿನ ಒರತೆ ಬತ್ತಿದರೆ ಉಳಿಯುವುದಿಲ್ಲ. ಬೋಳಾದ ಇಳಿಜಾರಿನ ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ. ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟವನ್ನು ಬೋಳಿಸಿ ರಬ್ಬರ್ ಹಾಕಲು ಹೊರಟವರು, ದಯವಿಟ್ಟು, ಮೊದಲು ತಮ್ಮ ಬಾವಿಯ ಮೇಲುಗಡೆ ಏನಿದೆಯೆಂದು ಹತ್ತಿ ನೋಡಿ ಬರಲಿ.

ನಮ್ಮ ಒರತೆಯ ನೆತ್ತಿಯಲ್ಲಿ ಈಗ ಅಕೇಶಿಯಾ ಇಲ್ಲ. ನೇರಳೆ, ಹಲಸು, ಹೊಳೆಗೇರಿನ ಗಿಡಗಳು ತಾವಾಗಿಯೇ ಎದ್ದು ಎದೆಯೆತ್ತರಕ್ಕೆ ಬಂದಿವೆ. ಅಬ್ಬಿ ಇನ್ನೂ ಶಿವರಾತ್ರಿಗೇ ನಿಲ್ಲುತ್ತಿದೆ. ದಬ್ಬೆಗಳನ್ನು ಮಾತ್ರ ನಾನು ತೆಗೆದಿಲ್ಲ. ನಮಸ್ಕಾರ.