ಒಂಟಿಕಾಲಲ್ಲಿ ನಿಂತ ಸದಹರು ಓ

ಕೇಳುಗರಿಗೆ ನಮಸ್ಕಾರ. ಬೇಸ್‌ಬಾಲ್ ಅಂದರೆ ಅಮೆರಿಕದ ಆಟ ಅಂತಲೇ ನಮಗೆಲ್ಲ ರೂಢಿ. ಆದರೆ ದೊಡ್ಡ ವೃತ್ತಿಪರ ಲೀಗ್‌ಗಳ ದಾಖಲೆಯಲ್ಲಿ ಅತಿ ಹೆಚ್ಚು ಹೋಮ್ ರನ್ ಇರುವುದು ಜಪಾನಿನಲ್ಲಿ ಆಡಿದ ಸದಹರು ಓ ಅವರ ಹೆಸರಿನಲ್ಲಿ. 22 ಸೀಸನ್, 868 ಹೋಮ್ ರನ್! ಹೋಮ್ ರನ್ ಅಂದರೆ ಚೆಂಡನ್ನು ಬೇಲಿಯಾಚೆ ಹೊಡೆಯುವುದು, ನಮ್ಮ ಸಿಕ್ಸರ್ ಇದ್ದ ಹಾಗೆ.

ಓ ಹುಟ್ಟಿದ್ದು ಟೋಕಿಯೊದಲ್ಲಿ, 1940ರಲ್ಲಿ. ತಂದೆ ಚೀನಾದಿಂದ ಬಂದವರು. ಶಾಲೆಯಲ್ಲಿ ಚೆಂಡು ಎಸೆಯುವುದರಲ್ಲಿ ಹೆಸರು ಮಾಡಿದ್ದ ಹುಡುಗನನ್ನು 1959ರಲ್ಲಿ ಯೊಮಿಯುರಿ ಜೈಂಟ್ಸ್ ತಂಡ ಬ್ಯಾಟ್ಸ್‌ಮನ್ ಮಾಡಿತು. ಮೊದಲ ಸೀಸನ್‌ನಲ್ಲಿ ಬರೀ 7 ಹೋಮ್ ರನ್. ಚೆಂಡು ಹತ್ತಿರ ಬಂದಾಗ ಬ್ಯಾಟ್ ತಡವಾಗಿ ತಿರುಗುತ್ತಿತ್ತು.

1962ರಲ್ಲಿ ಕೋಚ್ ಹಿರೋಶಿ ಅರಕಾವಾ ಒಂದು ವಿಚಿತ್ರ ಮದ್ದು ಹೇಳಿದರು. ಚೆಂಡು ಬರುವಾಗ ಬಲಗಾಲು ಮೇಲೆತ್ತಿ ಎಡಗಾಲಿನ ಮೇಲೇ ನಿಲ್ಲಬೇಕು! ಓ ಎಡಗೈ ಆಟಗಾರರು. ಹಾಗೆ ನಿಂತರೆ ಮೈಭಾರವೆಲ್ಲ ಹಿಂದಿನ ಕಾಲಿಗೆ ಬರುತ್ತದೆ, ಕಾಲೂರಿದಾಗ ಅಷ್ಟೂ ಬಲ ಬ್ಯಾಟಿಗೆ ಸಿಗುತ್ತದೆ. ಅಭ್ಯಾಸಕ್ಕೆ ನಿಜವಾದ ಕತ್ತಿ. ಮೇಲಿಂದ ಇಳಿಬಿಟ್ಟ ಕಾಗದದ ಪಟ್ಟಿಯನ್ನು ಒಂದೇ ಬೀಸಿಗೆ ಕತ್ತರಿಸಬೇಕು. ಅಲಗು ಚೂರು ಓರೆಯಾದರೂ ಕಾಗದ ತುಂಡಾಗುವುದಿಲ್ಲ, ಸುಮ್ನೆ ಆ ಕಡೆ ಸರಿದುಬಿಡುತ್ತದೆ.

ಆ ವರ್ಷವೇ 38 ಹೋಮ್ ರನ್, ಲೀಗ್‌ಗೇ ಮೊದಲಿಗರು. ಅಲ್ಲಿಂದ 1974ರವರೆಗೆ, ಆ ವರ್ಷವೂ ಸೇರಿ ಸತತ 13 ವರ್ಷ, ಆ ಸ್ಥಾನ ಯಾರಿಗೂ ಬಿಟ್ಟುಕೊಡಲಿಲ್ಲ. 1964ರಲ್ಲಿ 55 ಹೊಡೆದರು. ಓ ಹೆಚ್ಚಾಗಿ ಬಲಕ್ಕೇ ಹೊಡೆಯುತ್ತಿದ್ದರಿಂದ ಹಿರೋಶಿಮಾ ತಂಡದವರಂತೂ ಆ ವರ್ಷ ಆರು ಫೀಲ್ಡರ್‌ಗಳನ್ನು ಮೈದಾನದ ಬಲಭಾಗದಲ್ಲೇ ಗುಡ್ಡೆ ಹಾಕಿದರು. ಚೆಂಡು ಬೇಲಿ ದಾಟಿದ ಮೇಲೆ ಫೀಲ್ಡರ್ ಏನು ಮಾಡುತ್ತಾನೆ ಹೇಳಿ!

1977ರ ಸೆಪ್ಟೆಂಬರ್ 3ರಂದು ಟೋಕಿಯೊದ ಕೊರಾಕುಯೆನ್ ಮೈದಾನದಲ್ಲಿ 756ನೆಯದು ಬಂತು. ಅಮೆರಿಕದ ಲೀಗ್‌ನಲ್ಲಿ ಆಗ ದಾಖಲೆಯಾಗಿದ್ದ ಹ್ಯಾಂಕ್ ಆರನ್ ಅವರ 755 ಹಿಂದೆ ಬಿತ್ತು. ಜಪಾನಿನ ಮೈದಾನ ಚಿಕ್ಕವು, ಅಲ್ಲಿ ಹೊಡೆಯುವುದೇನು ಮಹಾ ಅಂತ ಮೂಗು ಮುರಿಯುವವರು ಇದ್ದಾರೆ. ಇರಲಿ. ಆದರೆ ಅದೇ ಮೈದಾನಗಳಲ್ಲಿ ಉಳಿದವರೂ ಆಡುತ್ತಿದ್ದರು ಅಲ್ವಾ? ಅವರ್ಯಾರೂ ಹತ್ತಿರಕ್ಕೂ ಬರಲಿಲ್ಲ. ಎಸೆಯುವವರೇ ಹೆದರಿ ಚೆಂಡನ್ನು ದೂರ ಹಾಕುತ್ತಿದ್ದರು. ಹಾಗೆ ನಾಲ್ಕು ಚೆಂಡು ದೂರ ಬಿದ್ದರೆ ಹೊಡೆಯದೆಯೇ ಮೊದಲ ಬೇಸ್‌ಗೆ ನಡೆದು ಹೋಗಬಹುದು, ಅದೇ ವಾಕ್. ಓ ಅವರಿಗೆ ಸಿಕ್ಕ ವಾಕ್‌ಗಳೇ 2390!

1980ರಲ್ಲಿ, 40ರ ವಯಸ್ಸಿನಲ್ಲೂ 30 ಹೋಮ್ ರನ್ ಬಂದವು. ಆದರೆ ಬ್ಯಾಟಿಂಗ್ ಸರಾಸರಿ ಇಳಿದಿತ್ತು. ಬೇರೆಯವರಾಗಿದ್ದರೆ ಇನ್ನೆರಡು ವರ್ಷ ಎಳೆಯುತ್ತಿದ್ದರೇನೋ. ಓ ಅಲ್ಲಿಗೇ ಬ್ಯಾಟ್ ಕೆಳಗಿಟ್ಟರು. ಆಟ ಬಿಡಲಿಲ್ಲ ಅನ್ನಿ. 2006ರಲ್ಲಿ ದೇಶಗಳ ನಡುವಿನ ಮೊದಲ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಗೆದ್ದ ಜಪಾನ್ ತಂಡದ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಅವರೇ.