ಬೆದರಿಕೆ ಬಂದ ಮೇಲೆ, ಹಲ್ಲೆ ಆಗುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮಧ್ಯಪ್ರದೇಶದ ಭಿಂಡ್ ಪಟ್ಟಣದಲ್ಲಿ ಸಂದೀಪ್ ಶರ್ಮಾ ಎಂಬ ಟಿವಿ ವರದಿಗಾರರಿದ್ದರು. ಮರಳು ದಂಧೆಗೂ ಪೊಲೀಸರಿಗೂ ಇರುವ ನಂಟನ್ನು ಅವರು ರಹಸ್ಯ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದ್ದರು. ಜೀವಕ್ಕೆ ಅಪಾಯವಿದೆ, ರಕ್ಷಣೆ ಕೊಡಿ ಎಂದು ಅಧಿಕಾರಿಗಳಿಗೆ ಬರೆದುಕೊಂಡಿದ್ದರು. 2018ರ ಮಾರ್ಚ್ 26ರಂದು ಅವರ ಬೈಕಿನ ಮೇಲೆ ಲಾರಿ ಹರಿಯಿತು. ಅದಕ್ಕೂ ಮೊದಲು, 2015ರ ಜೂನ್‌ನಲ್ಲಿ, ಉತ್ತರಪ್ರದೇಶದ ಶಹಜಹಾನ್‌ಪುರದ ಪತ್ರಕರ್ತ ಜಗೇಂದ್ರ ಸಿಂಗ್ ಸುಟ್ಟ ಗಾಯಗಳಿಂದ ತೀರಿಕೊಂಡರು. ಅವರು ಫೇಸ್‌ಬುಕ್‌ನಲ್ಲಿ ಬರೆಯುತ್ತಿದ್ದದ್ದು ಅಕ್ರಮ ಗಣಿಗಾರಿಕೆ ಮತ್ತು ಭೂಕಬಳಿಕೆಯ ಬಗ್ಗೆ. ಗೀರ್ ಅರಣ್ಯದ ಸುತ್ತಲಿನ ಗಣಿಗಾರಿಕೆಯನ್ನು ಪ್ರಶ್ನಿಸಿದ್ದ ಪರಿಸರ ಹೋರಾಟಗಾರ ಅಮಿತ್ ಜೇಠ್ವಾ ಅವರನ್ನು 2010ರ ಜುಲೈ 20ರಂದು ಗುಜರಾತ್ ಹೈಕೋರ್ಟಿನ ಎದುರಿನಲ್ಲೇ ಗುಂಡಿಕ್ಕಿ ಕೊಂದರು.

ಇಂಥ ಕೊಲೆಗಳು ಸಾಮಾನ್ಯವಾಗಿ ಹೇಳದೆ ಕೇಳದೆ ಬರುವುದಿಲ್ಲ. ಮೊದಲು ಒಂದು ಫೋನ್ ಬರುತ್ತದೆ, ದಾರಿಯಲ್ಲಿ ಯಾರೋ ಅಡ್ಡ ನಿಲ್ಲುತ್ತಾರೆ, ಮನೆಯವರಿಗೆ ಒಂದು ಮಾತು ತಲುಪಿಸುತ್ತಾರೆ. ಆ ಮೊದಲ ಬೆದರಿಕೆಗೂ ಹಲ್ಲೆಗೂ ನಡುವೆ ಸಿಗುವ ದಿನಗಳಲ್ಲಿ, ಮರಳು, ಗಣಿ ದಂಧೆಯ ಬಗ್ಗೆ ಬರೆಯುವವರು, ಪ್ರಶ್ನಿಸುವವರು ಏನು ಮಾಡಬೇಕು ಎಂಬುದಷ್ಟೇ ಇವತ್ತಿನ ವಿಷಯ.

ಯುನೆಸ್ಕೊ 2024ರಲ್ಲಿ ಪ್ರಕಟಿಸಿದ ವರದಿಯಂತೆ, 2009ರಿಂದ 2023ರವರೆಗಿನ 15 ವರ್ಷಗಳಲ್ಲಿ ಪರಿಸರದ ವಿಷಯ ಬರೆಯುತ್ತಿದ್ದ ಕನಿಷ್ಠ 44 ಪತ್ರಕರ್ತರು ಜಗತ್ತಿನಲ್ಲಿ ಕೊಲೆಯಾಗಿದ್ದಾರೆ. ಶಿಕ್ಷೆಯಾದದ್ದು ಐದು ಪ್ರಕರಣಗಳಲ್ಲಿ ಮಾತ್ರ. ಪತ್ರಕರ್ತರಲ್ಲದ ಪರಿಸರ ಹೋರಾಟಗಾರರ ಲೆಕ್ಕ ಇನ್ನೂ ದೊಡ್ಡದು. ಗ್ಲೋಬಲ್ ವಿಟ್ನೆಸ್ ಸಂಸ್ಥೆ 2023ರ ಒಂದೇ ವರ್ಷದಲ್ಲಿ 196 ಕೊಲೆಗಳನ್ನು ದಾಖಲಿಸಿತು.

ನಮ್ಮ ಕರಾವಳಿಗೆ ಇದು ದೂರದ ಮಾತಲ್ಲ. ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ, ವಾರಾಹಿ, ಹೀಗೆ ಪ್ರತಿ ಹೊಳೆಯಲ್ಲೂ ಮರಳಿದೆ, ಗುಡ್ಡಗಳಲ್ಲಿ ಕೆಂಪುಕಲ್ಲಿನ ಕೋರೆಗಳಿವೆ. ಫಲ್ಗುಣಿಯ ಮೂಲರಪಟ್ಣ ಸೇತುವೆ 2018ರ ಜೂನ್‌ನಲ್ಲಿ ಕುಸಿದಾಗ ಊರಿನವರು ಬೆರಳು ತೋರಿಸಿದ್ದು ಮರಳುಗಾರಿಕೆಯತ್ತ. 2017ರ ಏಪ್ರಿಲ್‌ನಲ್ಲಿ ಕುಂದಾಪುರ ತಾಲೂಕಿನ ಕಂಡ್ಲೂರಿಗೆ ರಾತ್ರಿ ದಾಳಿಗೆ ಹೋದ ಉಡುಪಿ ಜಿಲ್ಲಾಧಿಕಾರಿಯವರ ತಂಡದ ಮೇಲೇ ಹಲ್ಲೆ ನಡೆಯಿತು. ಜಿಲ್ಲೆಯ ಅತಿ ದೊಡ್ಡ ಅಧಿಕಾರಿಗೆ ಹೀಗಾದರೆ, ಕೈಯಲ್ಲೊಂದು ಮೊಬೈಲ್ ಹಿಡಿದು ಬೈಕಿನಲ್ಲಿ ಹೋಗುವ ಬಿಡಿ ವರದಿಗಾರನ ಪಾಡೇನು?

ಸ್ಥಳಕ್ಕೆ ಹೋಗುವಾಗಿನ ಎಚ್ಚರ ಮೊದಲು. ಮರಳು ದಕ್ಕೆಗೆ ಇಳಿಯುವ ದಾರಿ ಸಾಮಾನ್ಯವಾಗಿ ಒಂದೇ. ಟಿಪ್ಪರ್ ಒಂದು ಅಡ್ಡ ನಿಂತರೆ ಒಳಗೆ ಹೋದವರಿಗೆ ಹೊರಗೆ ಬರಲು ಹಾದಿ ಇಲ್ಲ. ಆದ್ದರಿಂದ ದಕ್ಕೆಗೆ ಇಳಿಯಬೇಡಿ. ಎದುರು ದಡದಿಂದ ಅಥವಾ ಸಾರ್ವಜನಿಕ ಸೇತುವೆಯ ಮೇಲಿಂದ, ಹಗಲಿನಲ್ಲಿ, ಜೂಮ್ ಇರುವ ಕ್ಯಾಮೆರಾದಲ್ಲಿ ತೆಗೆಯಿರಿ. ಇಬ್ಬರು ಹೋಗಿ. ಗಾಡಿಯನ್ನು ಮುಖ್ಯರಸ್ತೆಯ ಕಡೆಗೆ ಮುಖ ಮಾಡಿ ನಿಲ್ಲಿಸಿ. ಇಷ್ಟು ಗಂಟೆಯೊಳಗೆ ನಮ್ಮ ಫೋನ್ ಬರದಿದ್ದರೆ 112ಕ್ಕೆ ಕರೆ ಮಾಡಿ, ನಾವು ಇಂಥ ಜಾಗದಲ್ಲಿದ್ದೇವೆ ಎಂದು ಮನೆಯಲ್ಲೋ ಕಚೇರಿಯಲ್ಲೋ ಒಬ್ಬರಿಗೆ ಹೇಳಿ ಹೊರಡಿ. ಯಾರದೋ ಮನೆಯ ಅಂಗಳದಿಂದ ಚಿತ್ರ ತೆಗೆದಿದ್ದರೆ ಅದನ್ನು ಹಾಗೆಯೇ ಪ್ರಕಟಿಸಬೇಡಿ. ಆ ಕೋನ ಯಾವ ಮನೆಯದ್ದೆಂದು ಊರಿನವರಿಗೆ ನೋಡಿದ ಕೂಡಲೇ ತಿಳಿಯುತ್ತದೆ, ಪೆಟ್ಟು ಬೀಳುವುದು ಆ ಮನೆಯವರಿಗೆ.

ಇನ್ನು ಬೆದರಿಕೆ ಬಂದಾಗ. ಹೆಚ್ಚಿನವರು ಠಾಣೆಗೆ ಹೋಗಿ "ನನಗೆ ಬೆದರಿಕೆ ಹಾಕಿದ್ದಾರೆ" ಎಂದು ಒಂದು ಸಾಲು ಬರೆದು ಕೊಡುತ್ತಾರೆ. ಕೆಲಸ ಕೆಡುವುದು ಇಲ್ಲೇ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಮಿನ ಬೆದರಿಕೆ, ಕೊಲ್ಲುತ್ತೇನೆ ಎಂಬ ಬೆದರಿಕೆ ಕೂಡ, ಅಸಂಜ್ಞೇಯ ಅಪರಾಧಗಳ ಪಟ್ಟಿಯಲ್ಲಿದೆ. ಕೆನ್ನೆಗೆ ಹೊಡೆದಂಥ ಸಾಧಾರಣ ಗಾಯವೂ ಹಾಗೆಯೇ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಠಾಣೆಯಲ್ಲಿ ಎನ್‌ಸಿ, ಅಂದರೆ ಅಸಂಜ್ಞೇಯ, ಎಂದು ಬರೆದು ಹಿಂಬರಹ ಕೊಟ್ಟು ಕಳಿಸುತ್ತಾರೆ. ಎದುರಿನವನಿಗೆ ಆ ಸುದ್ದಿ ಸಂಜೆಯೊಳಗೆ ಮುಟ್ಟುತ್ತದೆ, ಅವನ ಧೈರ್ಯ ಇಮ್ಮಡಿಯಾಗುತ್ತದೆ.

ಆದರೆ ಅದೇ ಘಟನೆಯಲ್ಲಿ ಇನ್ನೇನಾಯಿತು ಎಂದು ನೆನಪಿಸಿಕೊಳ್ಳಿ. ಬೈಕಿಗೆ ಅಡ್ಡ ನಿಂತು ಹೋಗಲು ಬಿಡಲಿಲ್ಲವೇ? ಅದು ಅದೇ ನ್ಯಾಯ ಸಂಹಿತೆಯ 126ನೇ ಕಲಮು, ಅಕ್ರಮ ತಡೆ, ಸಂಜ್ಞೇಯ ಅಪರಾಧ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದಾದದ್ದು. ಕೈಯಿಂದ ಮೊಬೈಲ್ ಕಿತ್ತುಕೊಂಡು ಹೋದರೇ? ಅದು 304, ಕಸಿದುಕೊಳ್ಳುವಿಕೆ, ಅದೂ ಸಂಜ್ಞೇಯ. ನಾಗರಿಕ ಸುರಕ್ಷಾ ಸಂಹಿತೆಯ 174ನೇ ಕಲಮಿನ ನಾಲ್ಕನೇ ಉಪಕಲಮಿನ ಪ್ರಕಾರ, ಒಂದು ಪ್ರಕರಣದಲ್ಲಿ ಎರಡೋ ಮೂರೋ ಅಪರಾಧಗಳಿದ್ದು ಒಂದಾದರೂ ಸಂಜ್ಞೇಯವಾಗಿದ್ದರೆ ಇಡೀ ಪ್ರಕರಣವೇ ಸಂಜ್ಞೇಯ. ಆಗ ಎಫ್‌ಐಆರ್ ಆಗಲೇಬೇಕು. ನಡೆದದ್ದಕ್ಕೆ ಒಂದಕ್ಷರವನ್ನೂ ಸೇರಿಸಬೇಡಿ, ನಡೆದದ್ದರಲ್ಲಿ ಒಂದನ್ನೂ ಬಿಡಬೇಡಿ. ಎಷ್ಟು ಗಂಟೆಗೆ, ಯಾವ ತಿರುವಿನಲ್ಲಿ, ಯಾವ ಗಾಡಿ, ಎಷ್ಟು ಮಂದಿ, ಯಾರು ಮುಂದೆ ನಿಂತರು ಎಂದು ಬರೆಯಿರಿ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ, ತುಳುವಿನಲ್ಲಿ ಹೇಳಿದ್ದರೆ ತುಳುವಿನಲ್ಲೇ, ಬ್ಯಾರಿಯಲ್ಲಿ ಹೇಳಿದ್ದರೆ ಬ್ಯಾರಿಯಲ್ಲೇ. "ನೋಡಿಕೊಳ್ಳುತ್ತೇನೆ" ಎಂದದ್ದಕ್ಕೂ "ಕೊಲ್ಲುತ್ತೇನೆ" ಎಂದದ್ದಕ್ಕೂ ಕಾನೂನಿನಲ್ಲಿ ಅಂತರ ದೊಡ್ಡದು. ಮೊದಲನೆಯದು ಬೆದರಿಕೆ ಎನಿಸಿಕೊಂಡರೂ ಗರಿಷ್ಠ ಎರಡು ವರ್ಷ, ಎರಡನೆಯದಕ್ಕೆ ಏಳು ವರ್ಷ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಬಾರ್ಕೂರಿನಲ್ಲಿ ನಡೆದದ್ದಕ್ಕೆ ಮಂಗಳೂರಿನಲ್ಲಿ ದೂರು ಕೊಟ್ಟರೂ ಅವರು ತೆಗೆದುಕೊಂಡು ಅಲ್ಲಿಗೆ ಕಳಿಸಬೇಕು. ಇಮೇಲ್‌ನಲ್ಲಿ ಕೊಟ್ಟಿದ್ದರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಇದನ್ನು ಮರೆತವರ ದೂರು ಅಲ್ಲಿಗೇ ನಿಲ್ಲುತ್ತದೆ. ಎಫ್‌ಐಆರ್‌ನ ಪ್ರತಿ ಉಚಿತ, ಕೇಳಿ ಪಡೆಯಿರಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ಸುರಕ್ಷಾ ಸಂಹಿತೆಯ 173ನೇ ಕಲಮಿನಡಿ ಎಸ್‌ಪಿಯವರಿಗೆ, ಮಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರರಿಗೆ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್‌ನೊಂದಿಗೆ ಅರ್ಜಿ ಹಾಕಬೇಕು. ಅಂಚೆಯ ರಸೀದಿ ಇಲ್ಲದಿದ್ದರೆ ಆ ಅರ್ಜಿ ಬಿದ್ದುಹೋಗಬಹುದು, ಜೋಪಾನ ಮಾಡಿ.

ಪೆಟ್ಟು ಬಿದ್ದಿದ್ದರೆ ಎಷ್ಟೇ ಸಣ್ಣದಾದರೂ ಅದೇ ದಿನ ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಗೋ ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಹೋಗಿ, ಎಂಎಲ್‌ಸಿ, ಅಂದರೆ ಪೊಲೀಸ್ ಪ್ರಕರಣಕ್ಕೆ ಬೇಕಾದ ವೈದ್ಯಕೀಯ ದಾಖಲೆ, ಮಾಡಿಸಿ. ಹೇಗಾಯಿತೆಂದು ವೈದ್ಯರು ಕೇಳಿದಾಗ, ತಲೆಬಿಸಿ ಬೇಡವೆಂದು "ಬಿದ್ದೆ" ಅನ್ನುವವರಿದ್ದಾರೆ. ಆ ಒಂದು ಪದ ದಾಖಲೆಗೆ ಹೋದರೆ ಮುಂದೆ ಯಾವ ವಕೀಲರೂ ಅದನ್ನು ಅಳಿಸಲಾರರು.

ವಿಡಿಯೊ ವಿಷಯ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಕಳಿಸಿದ ವಿಡಿಯೊ ಕುಗ್ಗುತ್ತದೆ, ತೆಗೆದ ಸಮಯ ಮತ್ತು ಜಾಗದ ವಿವರ ಅದರಿಂದ ಹೋಗಿಬಿಡುತ್ತದೆ. ಆದ್ದರಿಂದ ಮೂಲ ಕಡತವನ್ನು ತೆಗೆದ ಫೋನಿನಲ್ಲೇ ಉಳಿಸಿ. ಪ್ರತಿ ಕಳಿಸುವುದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿವೆ, ಒಂದು ನೀವು ಬರೆಯುವುದು, ಇನ್ನೊಂದು ತಜ್ಞರು ಬರೆಯುವುದು. ಎರಡರಲ್ಲೂ ಕಡತದ ಹ್ಯಾಶ್ ಸಂಖ್ಯೆ, ಅಂದರೆ ಆ ಕಡತದ ಬೆರಳಚ್ಚಿನಂಥ ಗುರುತು, ಬೇಕು. ವಿಡಿಯೊದ ಒಂದು ಸೆಕೆಂಡ್ ಕತ್ತರಿಸಿದರೂ ಆ ಸಂಖ್ಯೆ ಬದಲಾಗುತ್ತದೆ. ಟಿವಿಗಾಗಿ ಎಡಿಟ್ ಮಾಡುವವರು ಮೂಲವನ್ನು ಅಳಿಸಿಬಿಡುವುದು ನಮ್ಮಲ್ಲಿ ಮಾಮೂಲಿ ತಪ್ಪು.

ಬೆದರಿಕೆ ಫಲಿಸದಿದ್ದರೆ ಮುಂದಿನದು ಸಂಧಾನ. "ಮಾತಾಡಿ ಮುಗಿಸುವ ಮಾರಾಯ್ರೇ, ಒಂದು ಚಾ ಕುಡಿದು ಹೋಗಿ" ಎಂದು ಪರಿಚಯದವರ ಮೂಲಕವೇ ಹೇಳಿ ಕಳಿಸುತ್ತಾರೆ. ಒಬ್ಬರೇ ಹೋಗಬೇಡಿ. ಮರುದಿನವೇ ನಿಮ್ಮ ಮೇಲೆ ಹಣ ಕೇಳಿದ ದೂರು ದಾಖಲಾಗಬಹುದು, ಸುಲಿಗೆಯ ಕಲಮು ಬೀಳಬಹುದು. ಹೋಟೆಲಿನ ಸಿಸಿಟಿವಿಯಲ್ಲಿ ನೀವು ಒಟ್ಟಿಗೆ ಕೂತದ್ದು ಕಾಣುತ್ತದೆ, ಆಡಿದ ಮಾತು ಕೇಳಿಸುವುದಿಲ್ಲ. ಪ್ರತಿಕ್ರಿಯೆ ಬೇಕಿದ್ದರೆ ಪ್ರಶ್ನೆಗಳನ್ನು ಬರೆದು ಇಮೇಲ್ ಮಾಡಿ. ಇಲ್ಲೊಂದು ಮಾತನ್ನು ಪತ್ರಿಕೆಗಳಿಗೂ ಹೇಳಲೇಬೇಕು: ಸುದ್ದಿ ಬರೆಯುವವನ ಕೈಯಲ್ಲೇ ಜಾಹೀರಾತಿನ ಹಣ ವಸೂಲಿ ಮಾಡಿಸುವುದು ಅವನನ್ನು ಈ ಬಲೆಗೆ ನೀವೇ ತಳ್ಳಿದ ಹಾಗೆ.

ಮಾಹಿತಿ ಹಕ್ಕಿನ ಅರ್ಜಿ ಹಾಕುವವರಿಗೆ ಬೇರೆ ಅಪಾಯವಿದೆ. ಅರ್ಜಿಯಲ್ಲಿರುವ ಹೆಸರು, ವಿಳಾಸ ಕಚೇರಿಯಿಂದ ಸೋರುತ್ತದೆ. ಮಂಗಳೂರಿನ ಮಾಹಿತಿ ಹಕ್ಕು ಕಾರ್ಯಕರ್ತ ವಿನಾಯಕ ಬಾಳಿಗಾ ಅವರನ್ನು 2016ರ ಮಾರ್ಚ್‌ನಲ್ಲಿ ಮನೆಯ ಹತ್ತಿರವೇ ಕೊಂದರು. ಸಂಪರ್ಕಕ್ಕೆ ಬೇಕಾದಷ್ಟು ಬಿಟ್ಟು ಬೇರೆ ವಿವರ ಕೊಡಬೇಕಿಲ್ಲ ಎಂದು ಕಾಯ್ದೆಯ 6ನೇ ಕಲಮು ಹೇಳುತ್ತದೆ. ಪೋಸ್ಟ್ ಬಾಕ್ಸ್ ಸಂಖ್ಯೆ ಸಾಕು ಎಂದು ಕಲ್ಕತ್ತಾ ಹೈಕೋರ್ಟ್ 2013ರಲ್ಲಿ ಹೇಳಿದೆ. ಒಂದೇ ವಿಷಯಕ್ಕೆ ನಾಲ್ಕೈದು ಮಂದಿ ಬೇರೆ ಬೇರೆ ಊರುಗಳಿಂದ ಅರ್ಜಿ ಹಾಕಿದರೆ ಇನ್ನೂ ಒಳ್ಳೆಯದು. ಒಬ್ಬನ ಬಾಯಿ ಮುಚ್ಚಿಸಿ ಪ್ರಯೋಜನವಿಲ್ಲ ಎಂಬುದು ಎದುರಿನವರಿಗೆ ಗೊತ್ತಾಗಬೇಕು. ಅರ್ಜಿದಾರನ ಮೇಲೆ ಹಲ್ಲೆಯಾದರೆ ಅವನು ಕೇಳಿದ ಮಾಹಿತಿಯನ್ನು ಇಲಾಖೆ ತಾನಾಗಿಯೇ ಬಹಿರಂಗಪಡಿಸಬೇಕು ಎಂದು ಕೇಂದ್ರ ಮಾಹಿತಿ ಆಯೋಗ 2011ರ ಸೆಪ್ಟೆಂಬರ್‌ನಲ್ಲಿ ನಿರ್ಣಯ ಮಾಡಿದ್ದೂ ಇದೇ ಕಾರಣಕ್ಕೆ. ಅಕ್ರಮ ಬಯಲು ಮಾಡುವವರ ರಕ್ಷಣೆಗೆಂದೇ 2014ರಲ್ಲಿ ಸಂಸತ್ತು ಮಾಡಿದ ಕಾಯ್ದೆಯನ್ನಂತೂ ಜಾರಿಗೇ ತಂದಿಲ್ಲ. ಇದು ನಾಚಿಕೆಯ ಸಂಗತಿ.

ಜಾರಿಯಲ್ಲಿರುವುದು 2018ರ ಸಾಕ್ಷಿ ಸಂರಕ್ಷಣಾ ಯೋಜನೆ. ಆ ವರ್ಷದ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಅದನ್ನು ದೇಶಕ್ಕೆಲ್ಲ ಕಾನೂನೆಂದು ಸಾರಿತು. ಅದರಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಸಲ್ಲಿಸಬೇಕು. ಉಪವಿಭಾಗದ ಎಸಿಪಿ ಅಥವಾ ಡಿವೈಎಸ್‌ಪಿ ಐದು ಕೆಲಸದ ದಿನಗಳಲ್ಲಿ ಅಪಾಯದ ವರದಿ ಕೊಡಬೇಕು. ಮನೆಯ ಸುತ್ತ ಗಸ್ತು, ಸಿಸಿಟಿವಿ, ನ್ಯಾಯಾಲಯಕ್ಕೆ ಹೋಗಿಬರಲು ಬೆಂಗಾವಲು ಸಿಗಬಹುದು, ಒಮ್ಮೆಗೆ ಹೆಚ್ಚೆಂದರೆ ಮೂರು ತಿಂಗಳು. ಮುಗಿಯುವ ಮೊದಲೇ ಮತ್ತೆ ಕೇಳಬೇಕು. ಆದರೆ ಇದು ಏಳು ವರ್ಷ ಹಾಗೂ ಅದಕ್ಕೂ ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ ಇರುವ ಯೋಜನೆ. ಕೊಲ್ಲುತ್ತೇನೆ ಎಂಬ ಬೆದರಿಕೆಗೆ ಏಳು ವರ್ಷ ಇರುವುದರಿಂದ, ದೂರಿನಲ್ಲಿ ಆಡಿದ ಮಾತನ್ನು ಯಥಾವತ್ತಾಗಿ ಬರೆಯಿರಿ ಎಂದದ್ದು ಇದಕ್ಕೂ ಸೇರಿ.

ಎಫ್‌ಐಆರ್ ಆಯಿತೆಂದು ಸುಮ್ಮನಿರಬೇಡಿ. ಕಣ್ಣಾರೆ ಕಂಡವರ ಹೇಳಿಕೆಯನ್ನು ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಲು ತನಿಖಾಧಿಕಾರಿಯನ್ನು ಲಿಖಿತವಾಗಿ ಕೇಳಿ. ವಿಚಾರಣೆ ಬರುವ ಹೊತ್ತಿಗೆ ವರ್ಷಗಳಾಗಿರುತ್ತವೆ, ಅಷ್ಟರೊಳಗೆ ಸಾಕ್ಷಿಗಳು ತಿರುಗಿ ಬೀಳುತ್ತಾರೆ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಪೊಲೀಸರು ದೂರುದಾರರಿಗೆ ತಿಳಿಸಬೇಕು. 91ನೇ ದಿನ ಪತ್ರ ಬರೆಯಿರಿ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ. ಬಿಡಿ ವರದಿಗಾರರು, ತಮ್ಮ ಮೇಲೆ ಕೇಸು ಬಿದ್ದರೆ ಪತ್ರಿಕೆಯ ವಕೀಲರೇ ಹಾಜರಾಗುತ್ತಾರೆ ಎಂಬುದನ್ನು ಕೆಲಸಕ್ಕೆ ಸೇರುವ ದಿನವೇ ಸಂಪಾದಕರಿಂದ ಬರೆಸಿಕೊಳ್ಳಿ, ಗುರುತಿನ ಚೀಟಿಯ ಜೊತೆಗೆ.

ನಮಸ್ಕಾರ.